ಆನ್‌ಲೈನ್ ಬ್ಯಾಕಪ್ ಉದ್ಯಮ: ಬ್ಯಾಕ್‌ಬ್ಲೇಜ್ ನಡೆದು ಬಂದ ದಾರಿ

ಕಂಪ್ಯೂಟರಿನಲ್ಲಿರುವ ಫೈಲುಗಳ ಇನ್ನೊಂದು ಪ್ರತಿಯನ್ನು ಇಂಟರ್‌ನೆಟ್ ಮೂಲಕ ದೂರದ ಡೇಟಾ ಸೆಂಟರಿಗೆ ಕಳುಹಿಸಿ, ಮಾಲೀಕರು ಮರೆತರೂ ತಾನು ಮರೆಯದೆ ದಿನವೂ ಅದನ್ನು ಹೊಸದಾಗಿಸುತ್ತ ಕಾಯುವ ಸೇವೆಯೇ ಆನ್‌ಲೈನ್ ಬ್ಯಾಕಪ್. ಡ್ರಾಪ್‌ಬಾಕ್ಸ್, ಗೂಗಲ್ ಡ್ರೈವ್‌ನಂಥ ಸಂಗ್ರಹ ಸೇವೆಗಳ ಜೊತೆ ಇದನ್ನು ಸೇರಿಸಿ ಮಾತಾಡುವುದು ರೂಢಿ. ಎರಡರ ಕೆಲಸ ಬೇರೆ ಬೇರೆ. ಸಂಗ್ರಹ ಸೇವೆಯಲ್ಲಿ ಒಂದು ಫೋಲ್ಡರಿಗೆ ಹಾಕಿದ ಫೈಲು ಎಲ್ಲ ಸಾಧನಗಳಲ್ಲೂ ಸಿಗುತ್ತದೆ, ಅಳಿಸಿದರೆ ಎಲ್ಲ ಕಡೆಯಿಂದಲೂ ಅಳಿಯುತ್ತದೆ. ಬ್ಯಾಕಪ್ ಸೇವೆ ಇಡೀ ಡಿಸ್ಕನ್ನು ಜಾಲಾಡಿ ಪ್ರತಿ ತೆಗೆಯುತ್ತದೆ. ಲ್ಯಾಪ್‌ಟಾಪ್ ಕಳುವಾದಾಗ, ಡಿಸ್ಕ್ ಕೆಟ್ಟಾಗ, ಮನೆಗೆ ಬೆಂಕಿ ಬಿದ್ದಾಗ ಮಾತ್ರ ಗ್ರಾಹಕರಿಗೆ ಅದರ ನೆನಪಾಗುತ್ತದೆ. ವರ್ಷಗಟ್ಟಲೆ ಹಣ ಪಡೆದು, ಎಂದೋ ಒಂದು ದಿನ ಮಾತು ಉಳಿಸಿಕೊಳ್ಳಬೇಕಾದ ವ್ಯಾಪಾರ ಇದು. ಇಂಥ ಉದ್ಯಮವನ್ನು ಕಟ್ಟುವುದರ ಕಷ್ಟವೆಲ್ಲ ಈ ಒಂದು ಸಂಗತಿಯಲ್ಲಿದೆ.

2005ರ ಸುಮಾರಿಗೆ ಅಮೆರಿಕದಲ್ಲಿ ಈ ಸೇವೆ ಮನೆಬಳಕೆದಾರರ ಕೈಗೆಟುಕತೊಡಗಿತು. ಯೂಟಾ ರಾಜ್ಯದಲ್ಲಿ ಮೋಜಿ, ಬಾಸ್ಟನ್ನಿನಲ್ಲಿ ಕಾರ್ಬೊನೈಟ್ ಹುಟ್ಟಿದವು. 2007ರಲ್ಲಿ ಮೋಜಿಯನ್ನು ಇಎಂಸಿ ಕಂಪನಿ 7.6 ಕೋಟಿ ಡಾಲರಿಗೆ ಕೊಂಡಿತು. ಹೀಗೆ ದೊಡ್ಡವರು ಕಾಲಿಟ್ಟ ಮಾರುಕಟ್ಟೆಗೆ ಅದೇ ವರ್ಷ ಕ್ಯಾಲಿಫೋರ್ನಿಯಾದ ಒಂದು ಅಪಾರ್ಟ್‌ಮೆಂಟಿನಿಂದ ಬ್ಯಾಕ್‌ಬ್ಲೇಜ್ ಎಂಬ ಪುಟ್ಟ ಕಂಪನಿ ಇಳಿಯಿತು. ಇಂಥ ಉದ್ಯಮ ಹೇಗೆ ನಿಲ್ಲುತ್ತದೆ ಎಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಸಾಮಾನ್ಯವಾಗಿ ಕಂಪನಿಗಳು ಗುಟ್ಟಾಗಿಡುವ ಲೆಕ್ಕಗಳನ್ನು ಇದು ಮೊದಲಿನಿಂದಲೂ ಊರಿಗೆಲ್ಲ ಹೇಳಿಕೊಂಡು ಬಂದಿದೆ.

ಗ್ಲೆಬ್ ಬಡ್‌ಮನ್, ಬ್ರಯಾನ್ ವಿಲ್ಸನ್, ಟಿಮ್ ನ್ಯೂಫೈರ್ ಮೊದಲಾದ ಸ್ಥಾಪಕರು ಒಬ್ಬರಿಗೊಬ್ಬರು ಹೊಸಬರಾಗಿರಲಿಲ್ಲ. ಬೇಡದ ಇಮೇಲುಗಳನ್ನು ತಡೆಯುವ ಮೇಲ್‌ಫ್ರಾಂಟಿಯರ್ ಎಂಬ ಕಂಪನಿಯಲ್ಲಿ ಜೊತೆಗೆ ದುಡಿದು, ಅದು ಸೋನಿಕ್‌ವಾಲ್ ಪಾಲಾದ ಮೇಲೆ ಹೊಸ ಕೆಲಸಕ್ಕಾಗಿ ಯೋಚಿಸುತ್ತಿದ್ದವರು. ವಿಲ್ಸನ್‌ರ ಪರಿಚಯದ ಮಹಿಳೆಯೊಬ್ಬರ ಕಂಪ್ಯೂಟರ್ ಕೆಟ್ಟು, ಫೈಲುಗಳನ್ನು ಹೇಗಾದರೂ ಉಳಿಸಿಕೊಡಿ ಎಂದು ಅವರು ಕೇಳಿದ್ದೇ ಯೋಚನೆಗೆ ದಾರಿಯಾಯಿತು. ಬ್ಯಾಕಪ್ ಎಲ್ಲಿ ಎಂದು ವಿಚಾರಿಸಿದರೆ ಇರಲೇ ಇಲ್ಲ. ಕಂಪ್ಯೂಟರ್ ಬಲ್ಲವರಿಗೆ ಸಹಜವಾಗಿ ತೋರುವ ಎಚ್ಚರಿಕೆ ಉಳಿದವರಿಗೆ ಎಷ್ಟು ದೂರದ್ದು ಎಂಬುದು ಆಗ ಸ್ಥಾಪಕರಿಗೆ ಮನದಟ್ಟಾಯಿತು. ಒಂದು ವರ್ಷ ಯಾರೂ ಸಂಬಳ ತೆಗೆದುಕೊಳ್ಳುವುದಿಲ್ಲ ಎಂಬ ಒಪ್ಪಂದದ ಮೇಲೆ ಕೆಲಸ ಶುರುವಾಯಿತು. ಈ ಒಪ್ಪಂದದ ಬೆಲೆ ದೊಡ್ಡದು. ಹೂಡಿಕೆದಾರರ ಹಣವಿದ್ದವರು ಬೇಗ ಬೆಳೆಯಬೇಕೆಂಬ ಒತ್ತಡಕ್ಕೆ ಸಿಕ್ಕಿ ನಷ್ಟದ ದರಕ್ಕೆ ಮಾರುತ್ತಾರೆ. ಇವರ ಬಳಿ ಆ ಹಣವೇ ಇರಲಿಲ್ಲ. ಹಾಗಾಗಿ ಮೊದಲ ದಿನದಿಂದಲೇ ಪ್ರತಿ ಗಿಗಾಬೈಟಿಗೂ ಎಷ್ಟು ಖರ್ಚು ಎಂದು ಲೆಕ್ಕ ಹಾಕಬೇಕಾಯಿತು.

2008ರಲ್ಲಿ ಸೇವೆ ಹೊರಬಂತು. ಒಂದು ಕಂಪ್ಯೂಟರಿಗೆ ತಿಂಗಳಿಗೆ 5 ಡಾಲರ್, ಎಷ್ಟು ಫೈಲುಗಳಿದ್ದರೂ ಸರಿ. ತಂತ್ರಾಂಶ ಸರಳವಾಗಿರಬೇಕೆಂದು ಸ್ಥಾಪಕರು ಹಟ ಹಿಡಿದಿದ್ದರು. ಆಗಿನ ಬಹುಪಾಲು ಬ್ಯಾಕಪ್ ತಂತ್ರಾಂಶಗಳು ಯಾವ ಫೋಲ್ಡರ್ ಬೇಕು, ಎಷ್ಟು ಹೊತ್ತಿಗೆ ಬೇಕು ಎಂದೆಲ್ಲ ಕೇಳುತ್ತಿದ್ದವು. ಮಗುವಿನ ಫೋಟೊಗಳು ಯಾವ ಫೋಲ್ಡರಿನಲ್ಲಿವೆ ಎಂದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಕೇಳಿದ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರೆ, ತಪ್ಪಿದ್ದು ತಿಳಿಯುವುದು ಎಲ್ಲ ಕಳೆದುಕೊಂಡ ಮೇಲೆಯೇ. ಆದ್ದರಿಂದ ಬ್ಯಾಕ್‌ಬ್ಲೇಜ್ ಪ್ರಶ್ನೆ ಕೇಳುವುದನ್ನೇ ಬಿಟ್ಟಿತು. ಆಪರೇಟಿಂಗ್ ಸಿಸ್ಟಮ್, ಮತ್ತೆ ಹಾಕಿಕೊಳ್ಳಬಹುದಾದ ತಂತ್ರಾಂಶಗಳು ಮುಂತಾದವನ್ನು ಹೊರತುಪಡಿಸಿ ಉಳಿದುದನ್ನೆಲ್ಲ ತಾನೇ ಹುಡುಕಿ ಕಳುಹಿಸತೊಡಗಿತು.

ಕಳುಹಿಸುವ ಕ್ರಮ ಇಂಥ ಸೇವೆಗಳಲ್ಲೆಲ್ಲ ಹೆಚ್ಚುಕಡಿಮೆ ಒಂದೇ. ಗ್ರಾಹಕರ ಕಂಪ್ಯೂಟರಿನಲ್ಲಿ ಕುಳಿತ ಸಣ್ಣ ತಂತ್ರಾಂಶ ಹೊಸ ಫೈಲುಗಳನ್ನೂ ಬದಲಾದ ಫೈಲುಗಳನ್ನೂ ಪತ್ತೆ ಹಚ್ಚುತ್ತದೆ. ಒಮ್ಮೆ ಹೋದದ್ದನ್ನು ಮತ್ತೆ ಕಳುಹಿಸುವುದಿಲ್ಲ. ಉಳಿದದ್ದನ್ನು ಕುಗ್ಗಿಸಿ, ಗೂಢಲಿಪಿಗೆ ತಿರುಗಿಸಿ, ಆಮೇಲೆ ಜಾಲಕ್ಕೆ ಬಿಡುತ್ತದೆ. ಮೊದಲ ಬಾರಿ ಎಲ್ಲವನ್ನೂ ಏರಿಸುವಾಗಲೇ ತಾಳ್ಮೆ ಪರೀಕ್ಷೆಗೆ ಬೀಳುವುದು. ಸೆಕೆಂಡಿಗೆ 1 ಮೆಗಾಬಿಟ್ ಏರಿಸಬಲ್ಲ ಸಂಪರ್ಕದಲ್ಲಿ 100 ಗಿಗಾಬೈಟ್ ಕಳುಹಿಸಲು, ಎಲ್ಲೂ ನಿಲ್ಲದಿದ್ದರೂ, ಒಂಬತ್ತು ದಿನಕ್ಕಿಂತ ಹೆಚ್ಚು ಬೇಕು. ಮಧ್ಯದಲ್ಲಿ ಕಂಪ್ಯೂಟರ್ ಆರಿಸಿದರೂ ಬಿಟ್ಟಲ್ಲಿಂದ ಮುಂದುವರಿಯಬೇಕು, ಬಳಸುವವರ ಕೆಲಸವೂ ನಿಧಾನವಾಗಬಾರದು. ಇಲ್ಲಿ ಸೋತರೆ ಗ್ರಾಹಕರು ಮೊದಲ ವಾರದಲ್ಲೇ ತಂತ್ರಾಂಶವನ್ನು ತೆಗೆದುಹಾಕುತ್ತಾರೆ.

ಇಷ್ಟೂ ತಂತ್ರಾಂಶದ ಕೆಲಸ. ನುರಿತ ನಾಲ್ಕಾರು ಜನರಿಗೆ ಇದು ಅಸಾಧ್ಯವೇನೂ ಆಗಿರಲಿಲ್ಲ. ಅವರನ್ನು ತಡೆದು ನಿಲ್ಲಿಸಿದ್ದು ಬಂದ ಫೈಲುಗಳನ್ನು ಇಡುವ ಜಾಗದ ಬೆಲೆ. ಅಮೆಜಾನ್ 2006ರಲ್ಲೇ ಎಸ್3 ಹೆಸರಿನಲ್ಲಿ ಸಂಗ್ರಹವನ್ನು ಬಾಡಿಗೆಗೆ ಕೊಡಲು ಶುರುಮಾಡಿತ್ತು. ಆ ದರದಲ್ಲಿ ಬಾಡಿಗೆಗೆ ತೆಗೆದುಕೊಂಡರೆ ತಿಂಗಳಿಗೆ 5 ಡಾಲರಿನ ಸೇವೆ ಹುಟ್ಟುವ ಮುಂಚೆಯೇ ಸಾಯುತ್ತಿತ್ತು. ಡೆಲ್, ಇಎಂಸಿ, ನೆಟ್‌ಆಪ್‌ ಕಂಪನಿಗಳ ಸಿದ್ಧ ಯಂತ್ರಗಳನ್ನು ಕೊಳ್ಳೋಣವೆಂದರೆ ಒಳಗಿನ ಡಿಸ್ಕುಗಳ ಬೆಲೆಗಿಂತ ಪೆಟ್ಟಿಗೆಯ ಬೆಲೆಯೇ ಎಷ್ಟೋ ಪಟ್ಟು. ಅಂಗಡಿಯಲ್ಲಿ ಸಿಗುವ ಬಿಡಿ ಡಿಸ್ಕುಗಳಲ್ಲಿ ಒಂದು ಪೆಟಾಬೈಟ್, ಎಂದರೆ ಹತ್ತು ಲಕ್ಷ ಗಿಗಾಬೈಟ್, ಜೋಡಿಸಲು 2009ರಲ್ಲಿ ಸುಮಾರು 81,000 ಡಾಲರ್ ಸಾಕಿತ್ತು. ಬ್ಯಾಕ್‌ಬ್ಲೇಜ್ ಪ್ರಕಟಿಸಿದ ಹೋಲಿಕೆಯ ಪ್ರಕಾರ ಅಷ್ಟೇ ಜಾಗಕ್ಕೆ ಡೆಲ್ ಯಂತ್ರಗಳಲ್ಲಿ 8,26,000 ಡಾಲರ್, ಇಎಂಸಿಯಲ್ಲಿ 28 ಲಕ್ಷಕ್ಕೂ ಹೆಚ್ಚು ಡಾಲರ್ ಬೀಳುತ್ತಿತ್ತು.

ಹೀಗಾಗಿ ಅವರು ಪೆಟ್ಟಿಗೆಯನ್ನೇ ತಯಾರಿಸಿದರು. ನ್ಯೂಫೈರ್ ರೂಪಿಸಿದ ಈ ಯಂತ್ರಕ್ಕೆ ಸ್ಟೋರೇಜ್ ಪಾಡ್ ಎಂದು ಹೆಸರು. ಕೆಂಪು ಬಣ್ಣ ಬಳಿದ ತಗಡಿನ ಪೆಟ್ಟಿಗೆಯಲ್ಲಿ 1.5 ಟೆರಾಬೈಟಿನ 45 ಸಾಧಾರಣ ಡಿಸ್ಕುಗಳು ಸಾಲಾಗಿ ನೆಟ್ಟಗೆ ನಿಂತಿದ್ದವು. ಜೊತೆಗೆ ಮಾರುಕಟ್ಟೆಯಲ್ಲಿ ಯಾರಿಗೂ ಸಿಗುವ ಮದರ್‌ಬೋರ್ಡು, ಉಚಿತ ಲಿನಕ್ಸ್. ಒಟ್ಟು 67 ಟೆರಾಬೈಟ್, ಖರ್ಚು 7,867 ಡಾಲರ್. ಅಲ್ಲಿಗೆ ಒಂದು ಗಿಗಾಬೈಟಿಗೆ ಸುಮಾರು 12 ಸೆಂಟ್, ಒಂದು ಪೆಟಾಬೈಟಿಗೆ 1,17,000 ಡಾಲರ್. ಬಿಡಿ ಡಿಸ್ಕುಗಳ ಬೆಲೆಯ ಮೇಲೆ ಅರ್ಧದಷ್ಟೂ ಹೆಚ್ಚಾಗಲಿಲ್ಲ.

ಈ ಅಂಕಿಯನ್ನು ಆಗಿನ ಚಂದಾದ ಪಕ್ಕದಲ್ಲಿಟ್ಟು ನೋಡಿದರೆ ವ್ಯಾಪಾರದ ನಾಡಿ ಸಿಗುತ್ತದೆ. ಒಬ್ಬ ಗ್ರಾಹಕರಿಂದ ವರ್ಷಕ್ಕೆ ಬರುವುದು 60 ಡಾಲರ್. ಅವರು 100 ಗಿಗಾಬೈಟ್ ಇಟ್ಟರೆ ಯಂತ್ರಕ್ಕೆ ತಗಲುವುದು 12 ಡಾಲರ್, ಅದೂ ಒಮ್ಮೆ ಮಾತ್ರ. 500 ಗಿಗಾಬೈಟ್ ಇಟ್ಟರೆ ಒಂದು ವರ್ಷದ ಚಂದಾ ಪೂರ್ತಿ ಯಂತ್ರಕ್ಕೇ ಹೋಗುತ್ತದೆ. 2 ಟೆರಾಬೈಟ್ ಇಟ್ಟವರಿಂದ ನಾಲ್ಕು ವರ್ಷ ಲಾಭದ ಮಾತೇ ಇಲ್ಲ. ವಿದ್ಯುತ್ತು, ಡೇಟಾ ಸೆಂಟರಿನ ಬಾಡಿಗೆ, ಜಾಲಸಂಪರ್ಕ, ನೌಕರರ ಸಂಬಳ ಇವೆಲ್ಲ ಇದರ ಮೇಲಿನ ಖರ್ಚು. ಮಿತಿಯಿಲ್ಲ ಎಂಬ ಮಾತು ಉಳಿಯಬೇಕಾದರೆ ಕಡಿಮೆ ಇಡುವವರ ಸಂಖ್ಯೆ ದೊಡ್ಡದಿರಬೇಕು, ಡಿಸ್ಕಿನ ಬೆಲೆ ವರ್ಷ ವರ್ಷ ಇಳಿಯುತ್ತಲೂ ಇರಬೇಕು. ಹಲವರು ಈ ಲೆಕ್ಕದಲ್ಲಿ ಎಡವಿದರು. ಮೋಜಿ 2011ರ ಆರಂಭದಲ್ಲಿ ಮಿತಿಯಿಲ್ಲದ ಯೋಜನೆ ನಿಲ್ಲಿಸಿ 5.99 ಡಾಲರಿಗೆ 50 ಗಿಗಾಬೈಟ್ ಎಂದಿತು. ಮಿನಿಯಾಪೊಲಿಸ್‌ನ ಕ್ರ್ಯಾಶ್‌ಪ್ಲಾನ್ 2017ರಲ್ಲಿ ಮನೆಬಳಕೆದಾರರ ಸೇವೆಯನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಬ್ಯಾಕ್‌ಬ್ಲೇಜ್ ಮಿತಿ ಹಾಕಲಿಲ್ಲ, ದರವನ್ನು ಏರಿಸಿತು: 2019ರಲ್ಲಿ 6 ಡಾಲರ್, 2021ರಲ್ಲಿ 7, 2023ರಲ್ಲಿ 9. ಕೊಟ್ಟ ಮಾತನ್ನು ಕಿರಿದುಮಾಡುವುದಕ್ಕಿಂತ ಬೆಲೆ ಹೆಚ್ಚಿಸಿ ಹೇಳುವುದೇ ಪ್ರಾಮಾಣಿಕ ದಾರಿ.

2009ರ ಸೆಪ್ಟೆಂಬರಿನಲ್ಲಿ ಕಂಪನಿ ಪಾಡ್‌ನ ನಕ್ಷೆ, ಬಿಡಿಭಾಗಗಳ ಪಟ್ಟಿ, ಬೆಲೆ ಎಲ್ಲವನ್ನೂ ಬಹಿರಂಗಪಡಿಸಿತು. ಇಷ್ಟು ಕಷ್ಟಪಟ್ಟು ಗಳಿಸಿದ್ದನ್ನು ಎದುರಾಳಿಗಳಿಗೆ ಬಿಟ್ಟುಕೊಟ್ಟಂತೆ ಕಾಣುವ ಈ ನಡೆ ಕಂಪನಿಯ ಅತ್ಯಂತ ಫಲಕಾರಿ ಪ್ರಚಾರವಾಯಿತು. ಜಾಹೀರಾತಿಗೆ ಹಣವಿಲ್ಲದ ಕಂಪನಿಯ ಹೆಸರು ಪ್ರಪಂಚದ ಎಂಜಿನಿಯರುಗಳ ಬಾಯಲ್ಲಿ ಬಂತು. ಕೆನಡಾದ ಪ್ರೋಟೋಕೇಸ್ ಎಂಬ ತಗಡಿನ ಕೆಲಸದ ಕಂಪನಿ ಇದೇ ಬಗೆಯ ಪೆಟ್ಟಿಗೆಗಳನ್ನು ಮಾರಲು 45ಡ್ರೈವ್ಸ್ ಎಂಬ ಹೊಸ ಉದ್ಯಮವನ್ನೇ ತೆರೆಯಿತು.

2011ರ ಅಕ್ಟೋಬರಿನಲ್ಲಿ ಈ ಲೆಕ್ಕಾಚಾರದ ಬುಡವೇ ಅಲುಗಾಡಿತು. ಥಾಯ್ಲೆಂಡಿನಲ್ಲಿ ಭಾರೀ ನೆರೆ ಬಂದು ಅಯುತ್ಥಯದ ಸುತ್ತಲಿನ ಕೈಗಾರಿಕಾ ವಲಯಗಳು ಮುಳುಗಿದವು. ಡಿಸ್ಕ್ ತಯಾರಿಸುವ ವೆಸ್ಟರ್ನ್ ಡಿಜಿಟಲ್ ಕಂಪನಿಯ ಕಾರ್ಖಾನೆಗಳೂ ಡಿಸ್ಕಿನ ಬಿಡಿಭಾಗ ಮಾಡುವ ಘಟಕಗಳೂ ನೀರಿನಲ್ಲಿದ್ದವು. ಪ್ರಪಂಚದ ಹಾರ್ಡ್ ಡಿಸ್ಕುಗಳಲ್ಲಿ ದೊಡ್ಡ ಪಾಲು ಆ ಒಂದು ದೇಶದಿಂದ ಬರುತ್ತಿದ್ದುದರಿಂದ ಕೆಲವೇ ವಾರಗಳಲ್ಲಿ ಬೆಲೆ ಮೂರು ಪಟ್ಟಿನ ಹತ್ತಿರಕ್ಕೆ ಏರಿತು. ದೊಡ್ಡ ಗಿರಾಕಿಗಳಿಗೆ ತಯಾರಕರು ಮೊದಲ ಆದ್ಯತೆ ಕೊಟ್ಟರು, ಸಣ್ಣವರ ಕೈ ಬರಿದಾಯಿತು. ಬ್ಯಾಕ್‌ಬ್ಲೇಜ್‌ಗೆ ಮಾತ್ರ ನಿಲ್ಲುವಂತಿರಲಿಲ್ಲ. ಗ್ರಾಹಕರ ಕಂಪ್ಯೂಟರುಗಳಿಂದ ಪ್ರತಿದಿನ ಟೆರಾಬೈಟುಗಟ್ಟಲೆ ಹೊಸ ಫೈಲುಗಳು ಬರುತ್ತಲೇ ಇದ್ದವು, ಬೇಡವೆನ್ನುವ ಹಾಗಿಲ್ಲ.

ಆಗ ಕಂಪನಿಯವರ ಗಮನಕ್ಕೆ ಬಂದದ್ದು ಇಷ್ಟು: ಅಂಗಡಿಗಳಲ್ಲಿ ಮಾರುವ, ಯುಎಸ್‌ಬಿ ತಂತಿಯಿಂದ ಜೋಡಿಸುವ ಹೊರ ಡಿಸ್ಕುಗಳ ಬೆಲೆ ಅಷ್ಟಾಗಿ ಏರಿರಲಿಲ್ಲ, ಮತ್ತು ಪ್ಲಾಸ್ಟಿಕ್ ಕವಚ ಬಿಡಿಸಿದರೆ ಒಳಗಿರುವುದು ತಮಗೆ ಬೇಕಾದ ಡಿಸ್ಕೇ. ನೌಕರರು ಕಾಸ್ಟ್‌ಕೊ, ಬೆಸ್ಟ್ ಬೈ ಅಂಗಡಿಗಳಿಗೆ ಧಾವಿಸಿದರು. ಒಬ್ಬರಿಗೆ ಎರಡೇ ಎಂದು ಅಂಗಡಿಯವರು ಮಿತಿ ಹಾಕಿದಾಗ ಊರೂರು ಸುತ್ತಿದರು, ಮನೆಮಂದಿಯನ್ನೂ ಗೆಳೆಯರನ್ನೂ ಕಳುಹಿಸಿದರು, ದೂರದ ಊರುಗಳ ಪರಿಚಯದವರಿಂದ ಪೆಟ್ಟಿಗೆ ಕಟ್ಟಿ ತರಿಸಿದರು. ತಂದ ಪ್ರತಿಯೊಂದನ್ನೂ ಕೈಯಿಂದ ಬಿಡಿಸಿ ಪಾಡ್‌ಗಳಿಗೆ ತುಂಬಿದರು. ಹೀಗೆ ಕೂಡಿಸಿದ ಜಾಗ ಐದು ಪೆಟಾಬೈಟಿಗೂ ಮಿಗಿಲು. ಚಂದಾದ ದರ ಬದಲಾಗಲಿಲ್ಲ. ಜನರಿಗೆ ಕೊಟ್ಟ ಮಾತಿಗಾಗಿ ಒಂದು ಕಂಪನಿ ಇಷ್ಟು ಮೈಮುರಿದು ದುಡಿದದ್ದನ್ನು ಮೆಚ್ಚದಿರಲು ಸಾಧ್ಯವಿಲ್ಲ. ಉದ್ಯಮ ಆರಂಭಿಸುವವರಿಗೆ ಇದರಲ್ಲಿ ಎಚ್ಚರಿಕೆಯೂ ಇದೆ. ಡಿಸ್ಕಿನ ಬೆಲೆ ಇಳಿಯುತ್ತಲೇ ಇರುತ್ತದೆ ಎಂಬುದರ ಮೇಲೆ ಕಟ್ಟಿದ ವ್ಯಾಪಾರಕ್ಕೆ ಸಾವಿರಾರು ಮೈಲಿ ದೂರದ ಮಳೆಯೂ ಸಂಬಂಧಪಟ್ಟದ್ದೇ.

ಡಿಸ್ಕುಗಳನ್ನು ಕೊಂಡ ಮಾತ್ರಕ್ಕೆ ಕೆಲಸ ಮುಗಿಯದು, ಅವು ಕೆಡುತ್ತವೆ. ವರ್ಷಕ್ಕೆ ನೂರರಲ್ಲಿ ಒಂದೂವರೆ ಡಿಸ್ಕ್ ಕೆಡುತ್ತದೆಂದು ಇಟ್ಟುಕೊಂಡರೆ ಮನೆಯಲ್ಲಿ ಒಂದೆರಡು ಡಿಸ್ಕ್ ಇರುವವರಿಗೆ ಅದು ದೂರದ ಭಯ. ಬ್ಯಾಕ್‌ಬ್ಲೇಜ್‌ನಂತೆ 2 ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ನಡೆಸುವವರಿಗೆ ವರ್ಷಕ್ಕೆ 3,000, ದಿನಕ್ಕೆ ಎಂಟರಂತೆ ಕೆಡುತ್ತಿರುತ್ತವೆ. ಕೆಡುವುದನ್ನು ದಿನದ ಕೆಲಸವೆಂದೇ ಎಣಿಸಿ ವ್ಯವಸ್ಥೆಯನ್ನು ಕಟ್ಟಬೇಕಾಗುತ್ತದೆ.

ಮೂರು ಪ್ರತಿ ಮಾಡಿಟ್ಟರೆ ಸುರಕ್ಷಿತ, ಆದರೆ ಖರ್ಚು ಮೂರು ಪಟ್ಟು. ಇದಕ್ಕೆ ಗಣಿತದಲ್ಲಿ ಉತ್ತರವಿದೆ. ಇರ್ವಿಂಗ್ ರೀಡ್ ಮತ್ತು ಗುಸ್ಟಾವ್ ಸಾಲೊಮನ್ 1960ರಲ್ಲಿ ಪ್ರಕಟಿಸಿದ ಸಂಕೇತ ವಿಧಾನವದು. ಗೀರು ಬಿದ್ದ ಸಿ.ಡಿ.ಯಿಂದ ಹಾಡು ಸರಿಯಾಗಿ ಕೇಳಿಬರಲು ಕಾರಣವೂ ಅದೇ. 2015ರಲ್ಲಿ ಬ್ಯಾಕ್‌ಬ್ಲೇಜ್ ವಿವರಿಸಿದ ಏರ್ಪಾಡಿನಲ್ಲಿ ಪ್ರತಿ ಫೈಲನ್ನು 17 ತುಣುಕುಗಳಾಗಿ ಒಡೆದು, ಅವುಗಳಿಂದ ಲೆಕ್ಕ ಹಾಕಿದ ಇನ್ನೂ 3 ತುಣುಕುಗಳನ್ನು ಸೇರಿಸಿ, ಒಟ್ಟು 20ನ್ನು 20 ಬೇರೆ ಬೇರೆ ಪಾಡ್‌ಗಳಲ್ಲಿ ಇಡುತ್ತಿದ್ದರು. ಇಪ್ಪತ್ತರಲ್ಲಿ ಯಾವ 17 ಸಿಕ್ಕರೂ ಇಡೀ ಫೈಲು ಮರಳುತ್ತದೆ. ಮೂರು ಯಂತ್ರಗಳು ಒಟ್ಟಿಗೆ ನಿಂತರೂ ಏನೂ ಕಳೆಯುವುದಿಲ್ಲ. ಹೆಚ್ಚುವರಿ ಜಾಗ ಬೇಕಾದದ್ದು ಶೇ. 18ರಷ್ಟೇ. ಅಗ್ಗದ ಡಿಸ್ಕುಗಳಿಂದ ಭದ್ರವಾದ ಸಂಗ್ರಹ ಕಟ್ಟಲು ಸಾಧ್ಯವಾದದ್ದು ಹೀಗೆ. ಈ ಲೆಕ್ಕ ಮಾಡುವ ತಂತ್ರಾಂಶವನ್ನೂ ಕಂಪನಿ ಮುಕ್ತವಾಗಿ ಬಿಟ್ಟಿತು.

ಯಾವ ತಯಾರಕರ ಯಾವ ಮಾದರಿಯ ಡಿಸ್ಕು ಎಷ್ಟು ಕೆಡುತ್ತದೆ ಎಂಬ ಅಂಕಿ-ಅಂಶಗಳನ್ನು 2013ರಿಂದ ಪ್ರಕಟಿಸುತ್ತ ಬಂದಿರುವುದು ಬ್ಯಾಕ್‌ಬ್ಲೇಜ್‌ನ ಇನ್ನೊಂದು ದೊಡ್ಡ ಕೊಡುಗೆ. ತಯಾರಕರು ಹೇಳದ, ದೊಡ್ಡ ಕಂಪನಿಗಳು ತಿಳಿದೂ ಬಾಯಿಬಿಡದ ವಿಷಯವಿದು. ಡಿಸ್ಕ್ ಕೊಳ್ಳುವ ಸಾಮಾನ್ಯರೂ ಸಂಶೋಧಕರೂ ಈ ಪಟ್ಟಿಯನ್ನು ನೋಡುತ್ತಾರೆ.

ಗ್ರಾಹಕರನ್ನು ಹುಡುಕುವುದು ಬೇರೆಯೇ ಸವಾಲು. ನಷ್ಟ ಅನುಭವಿಸದವರಿಗೆ ಬ್ಯಾಕಪ್ ಬೇಕೆನಿಸುವುದಿಲ್ಲ, ಅನುಭವಿಸಿದವರಿಗೆ ತಡವಾಗಿರುತ್ತದೆ. ಕಾರ್ಬೊನೈಟ್ ರೇಡಿಯೊ ಜಾಹೀರಾತುಗಳಿಗೆ ಹಣ ಸುರಿಯಿತು. 2007ರಲ್ಲೇ ಡ್ರೂ ಹ್ಯೂಸ್ಟನ್ ಮತ್ತು ಆರಶ್ ಫೆರ್ದೋಸಿ ಆರಂಭಿಸಿದ ಡ್ರಾಪ್‌ಬಾಕ್ಸ್ ಮೊದಮೊದಲು ಗೂಗಲ್ ಜಾಹೀರಾತುಗಳನ್ನು ನಂಬಿತ್ತು. ವರ್ಷಕ್ಕೆ 99 ಡಾಲರಿನ ಸೇವೆಗೆ ಒಬ್ಬ ಗ್ರಾಹಕನನ್ನು ಸೆಳೆಯಲು 233ರಿಂದ 388 ಡಾಲರ್ ಖರ್ಚಾಗುತ್ತಿತ್ತು. ಆಮೇಲೆ ಅದು ದಾರಿ ಬದಲಿಸಿ, ಗೆಳೆಯರನ್ನು ಕರೆತಂದರೆ ಇಬ್ಬರಿಗೂ ಹೆಚ್ಚುವರಿ ಉಚಿತ ಜಾಗ ಎಂದಿತು. ಫೈಲು ಹಂಚಿಕೊಳ್ಳುವ ಸೇವೆಯಾದ್ದರಿಂದ ಒಬ್ಬರಿಂದ ಇನ್ನೊಬ್ಬರಿಗೆ ತಾನಾಗಿ ಹರಡಿ, 2008ರ ಸೆಪ್ಟೆಂಬರಿನಲ್ಲಿ ಒಂದು ಲಕ್ಷವಿದ್ದ ಬಳಕೆದಾರರು 2010ರ ಆರಂಭಕ್ಕೆ 40 ಲಕ್ಷವಾದರು. ಬ್ಯಾಕಪ್‌ಗೆ ಈ ಅನುಕೂಲವಿಲ್ಲ. ಅದನ್ನು ಯಾರೂ ಯಾರ ಜೊತೆಗೂ ಹಂಚಿಕೊಳ್ಳುವುದಿಲ್ಲ. ಅದು ನಿಧಾನವಾಗಿ, ತಿಳಿದವರ ಶಿಫಾರಸಿನಿಂದ ಬೆಳೆಯುತ್ತದೆ. ಬ್ಯಾಕ್‌ಬ್ಲೇಜ್ 2012ರಲ್ಲಿ ಟಿಎಂಟಿ ಇನ್ವೆಸ್ಟ್‌ಮೆಂಟ್ಸ್‌ನಿಂದ 50 ಲಕ್ಷ ಡಾಲರ್ ಪಡೆದದ್ದು ಬಿಟ್ಟರೆ ಬಹುಕಾಲ ಚಂದಾದ ಹಣದಲ್ಲೇ ನಡೆಯಿತು. 2015ರಲ್ಲಿ ಬಿ2 ಎಂಬ ಹೆಸರಿನಲ್ಲಿ ಸಂಗ್ರಹವನ್ನೇ ಬಾಡಿಗೆಗೆ ಕೊಡತೊಡಗಿತು. ಆಗಿನ ದರ ಗಿಗಾಬೈಟಿಗೆ ತಿಂಗಳಿಗೆ ಅರ್ಧ ಸೆಂಟ್. ಬಾಡಿಗೆ ಕಟ್ಟಲಾರದೆ ಸ್ವಂತ ಪೆಟ್ಟಿಗೆ ಮಾಡಿಕೊಂಡವರು ಈಗ ಅಮೆಜಾನ್‌ಗೇ ಪೈಪೋಟಿಯಾಗಿ ನಿಂತರು. 2021ರ ನವೆಂಬರಿನಲ್ಲಿ ಕಂಪನಿ ನಾಸ್ಡಾಕ್ ಷೇರುಪೇಟೆ ಸೇರಿತು.

ಮರಳಿ ಕೊಡುವುದೇ ಈ ಸೇವೆಯ ಮುಖ್ಯ ಕೆಲಸ, ಹೆಚ್ಚು ಉದಾಸೀನಕ್ಕೆ ಒಳಗಾಗುವುದೂ ಅದೇ. ನೂರಾರು ಗಿಗಾಬೈಟುಗಳನ್ನು ಜಾಲದಿಂದ ಇಳಿಸಿಕೊಳ್ಳಲಾಗದವರಿಗೆ ಬ್ಯಾಕ್‌ಬ್ಲೇಜ್ ಡಿಸ್ಕಿಗೆ ತುಂಬಿ ಕೊರಿಯರಿನಲ್ಲಿ ಕಳುಹಿಸುತ್ತದೆ. ಮರಳಿ ಪಡೆಯುವುದನ್ನು ಆಗಾಗ ಪರೀಕ್ಷಿಸದ ಬ್ಯಾಕಪ್ ಇದ್ದೂ ಇಲ್ಲದಂತೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯಲ್ಲಿ ತಪ್ಪು ಸರ್ವರಿನ ಡೇಟಾಬೇಸ್ ಅಳಿದುಹೋದಾಗ, ಅಲ್ಲಿ ಏರ್ಪಾಡಾಗಿದ್ದ ಐದು ಬಗೆಯ ಬ್ಯಾಕಪ್ ವಿಧಾನಗಳಲ್ಲಿ ಒಂದೂ ನೆಟ್ಟಗೆ ಕೆಲಸ ಮಾಡುತ್ತಿರಲಿಲ್ಲವೆಂದು ಗೊತ್ತಾಯಿತು. ಆಕಸ್ಮಿಕವಾಗಿ ತೆಗೆದಿಟ್ಟಿದ್ದ ಒಂದು ಪ್ರತಿಯಿಂದಾಗಿ ನಷ್ಟ ಆರು ಗಂಟೆಗಳ ಮಾಹಿತಿಗೆ ನಿಂತಿತು. ಜಾಗದ ಪ್ರಶ್ನೆಯೂ ಅಷ್ಟೇ ಗಂಭೀರ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಸುಟ್ಟಾಗ, ಮೂಲವನ್ನೂ ಪ್ರತಿಯನ್ನೂ ಒಂದೇ ಆವರಣದಲ್ಲಿ ಇಟ್ಟಿದ್ದವರು ಎರಡನ್ನೂ ಕಳೆದುಕೊಂಡರು.

ಗೂಢಲಿಪಿಯ ಕೀಲಿ ಯಾರ ಬಳಿ ಇರಬೇಕು ಎಂಬುದನ್ನು ಸೇವೆ ಶುರುವಾಗುವ ಮೊದಲೇ ತೀರ್ಮಾನಿಸಬೇಕು. ಕಂಪನಿಯ ಬಳಿಯೇ ಇದ್ದರೆ ಪಾಸ್‌ವರ್ಡ್ ಮರೆತವರಿಗೂ ಫೈಲು ಕೊಡಬಹುದು, ಆದರೆ ಕಂಪನಿಯೊಳಗಿನವರು ಅಥವಾ ಸರ್ಕಾರ ನೋಡಬಹುದೆಂಬ ಅಳುಕು ಇರುತ್ತದೆ. ಗ್ರಾಹಕರ ಬಳಿ ಮಾತ್ರ ಇದ್ದರೆ ಗುಟ್ಟು ಭದ್ರ, ಕೀಲಿ ಮರೆತರೆ ಫೈಲುಗಳು ಯಾರಿಗೂ ಸಿಗವು. ಬ್ಯಾಕ್‌ಬ್ಲೇಜ್ ಮೊದಲನೆಯದನ್ನು ರೂಢಿಯಾಗಿಸಿ, ಎರಡನೆಯದನ್ನು ಬೇಕೆಂದವರಿಗೆ ಬಿಟ್ಟಿದೆ.

ಭಾರತದಿಂದ ಈ ಕ್ಷೇತ್ರಕ್ಕೆ ಹೋಗಿ ಗೆದ್ದ ಕಂಪನಿ ದ್ರುವ. 2008ರಲ್ಲಿ ಪುಣೆಯಲ್ಲಿ ಜಸ್‌ಪ್ರೀತ್ ಸಿಂಗ್, ಮಿಲಿಂದ್ ಬೋರಟೆ, ರಮಣಿ ಕೋದಂಡರಾಮನ್ ಇದನ್ನು ಆರಂಭಿಸಿದರು. ಕಂಪನಿಗಳ ನೌಕರರ ಲ್ಯಾಪ್‌ಟಾಪುಗಳ ಬ್ಯಾಕಪ್‌ನಿಂದ ಹೆಸರು ಮಾಡಿ, ಮುಖ್ಯ ಕಚೇರಿಯನ್ನು ಕ್ಯಾಲಿಫೋರ್ನಿಯಾಕ್ಕೆ ಒಯ್ದ ದ್ರುವದ ಮೌಲ್ಯ 2019ರಲ್ಲಿ 100 ಕೋಟಿ ಡಾಲರ್ ದಾಟಿತು. ಅದು ಹಿಡಿದದ್ದು ಬ್ಯಾಕ್‌ಬ್ಲೇಜ್‌ಗೆ ವಿರುದ್ಧದ ದಾರಿ. ಸ್ವಂತ ಡಿಸ್ಕುಗಳಿಲ್ಲ, ಅಮೆಜಾನ್‌ನ ಬಾಡಿಗೆ ಸಂಗ್ರಹದ ಮೇಲೆಯೇ ಕಟ್ಟಿದ ಸೇವೆ. ಮನೆಬಳಕೆದಾರರಿಗಿಂತ ಹೆಚ್ಚು ಹಣ ಕೊಡುವ ಕಂಪನಿಗಳೇ ಗ್ರಾಹಕರಾದ್ದರಿಂದ ಆ ಬಾಡಿಗೆ ಅದಕ್ಕೆ ಹೊರೆಯಾಗಲಿಲ್ಲ. ಈಗ ಮುಂಬಯಿ, ಹೈದರಾಬಾದುಗಳಲ್ಲೇ ಅಮೆಜಾನ್ ಸಂಗ್ರಹ ಸಿಗುವುದರಿಂದ ಹೊಸಬರಿಗೆ ಈ ದಾರಿ ಸುಲಭ. ಬಾಡಿಗೆ ಜಾಗದಿಂದ ಮಾಹಿತಿಯನ್ನು ಹೊರತೆಗೆಯುವಾಗ ಪ್ರತ್ಯೇಕ ಶುಲ್ಕ ಬೀಳುತ್ತದೆ ಎಂಬುದನ್ನು ಮಾತ್ರ ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಬ್ಯಾಕಪ್‌ನಲ್ಲಿ ಹೊರತೆಗೆಯುವ ದಿನ ಬಂದೇ ಬರುತ್ತದೆ.

ಮುಚ್ಚುವ ದಿನಕ್ಕೂ ಇಂಥ ಉದ್ಯಮದಲ್ಲಿ ಯೋಜನೆ ಇರಬೇಕು. ಬೇರೆ ಬಗೆಯ ಕಂಪನಿ ನಿಂತರೆ ಗ್ರಾಹಕರು ಇನ್ನೊಂದನ್ನು ಹುಡುಕುತ್ತಾರೆ, ಇಲ್ಲಿ ಅವರ ವಸ್ತುಗಳೇ ಒಳಗಿರುತ್ತವೆ. ಸ್ಯಾನ್ ಡಿಯೆಗೊದ ನಿರ್ವಾನಿಕ್ಸ್ ಎಂಬ ಸಂಗ್ರಹ ಕಂಪನಿ 2013ರ ಸೆಪ್ಟೆಂಬರಿನಲ್ಲಿ ಹಣ ಮುಗಿದು, ಎಲ್ಲವನ್ನೂ ಎರಡು ವಾರದೊಳಗೆ ತೆಗೆದುಕೊಂಡು ಹೋಗುವಂತೆ ಗ್ರಾಹಕರಿಗೆ ತಿಳಿಸಿತು. ಅಲ್ಲಿ ಪೆಟಾಬೈಟ್ ಲೆಕ್ಕದಲ್ಲಿ ಮಾಹಿತಿ ಇಟ್ಟಿದ್ದ ಸಂಸ್ಥೆಗಳಿಗೆ ಅಷ್ಟು ದಿನಗಳಲ್ಲಿ ಅದನ್ನು ಸಾಗಿಸುವುದು ಜಾಲದ ವೇಗದ ಲೆಕ್ಕದಲ್ಲೇ ಆಗದ ಮಾತು. ಗಡುವನ್ನು ಅಕ್ಟೋಬರ್ 15ರವರೆಗೆ ವಿಸ್ತರಿಸಿದರೂ ಕಂಪನಿ ಅಷ್ಟರಲ್ಲೇ ದಿವಾಳಿ ಅರ್ಜಿ ಹಾಕಿತ್ತು. ಕ್ರ್ಯಾಶ್‌ಪ್ಲಾನ್ ಮನೆಬಳಕೆಯ ಸೇವೆಯನ್ನು ನಿಲ್ಲಿಸುವಾಗ ಒಂದು ವರ್ಷಕ್ಕೂ ಹೆಚ್ಚು ಮೊದಲೇ ಹೇಳಿ, ಬೇರೆ ಸೇವೆಗೆ ಹೋಗಲು ಗ್ರಾಹಕರಿಗೆ ಸಮಯ ಕೊಟ್ಟಿತು. ಅಷ್ಟು ಕಾಲ ಡಿಸ್ಕುಗಳನ್ನು ನಡೆಸುತ್ತಿರಲು ಬೇಕಾದ ಹಣವನ್ನು ಸೇವೆ ನಡೆಯುತ್ತಿರುವಾಗಲೇ ತೆಗೆದಿಟ್ಟಿರಬೇಕಾಗುತ್ತದೆ.